ಆನೆ ಮೆಸೇಜು ಬರದ ಬೆಳಿಗ್ಗೆ

ಮಗ್ಗೆ ಕಡೆಯ ಕಾಫಿ ಎಸ್ಟೇಟೊಂದರ ಸ್ಟೋರಿನಲ್ಲಿ ನಾನೊಂದು ಪುಟ್ಟ ಲಿನಕ್ಸ್ ಕಂಪ್ಯೂಟರ್ ಇಟ್ಟಿದ್ದೆ. ತೋಟದ ಕ್ಯಾಮೆರಾಗಳಿಗೆ ಆನೆ ಕಂಡರೆ ಅದರಲ್ಲಿದ್ದ ನನ್ನ ಪ್ರೋಗ್ರಾಂ ಆಳುಗಳಿಗೆ ಕೆಲಸ ಹಂಚುವ ರೈಟರಿಗೂ ಕೂಲಿ ಲೈನಿನ ಮನೆಗಳಿಗೂ ಮೆಸೇಜ್ ಕಳಿಸುತ್ತಿತ್ತು. ಬಂದರೆ ಆ ಕಡೆ ಕೆಲಸವಿಲ್ಲ. ಬರದಿದ್ದರೆ ಆನೆಯಿಲ್ಲ ಎಂದೇ ಅರ್ಥ. ಈ ಪದ್ಧತಿಯನ್ನು ಯಾರೂ ಮಾಡಿದ್ದಲ್ಲ, ತಾನಾಗಿ ಆಗಿಬಿಟ್ಟಿತ್ತು. ನಾನೂ ಬೇಡ ಎನ್ನಲಿಲ್ಲ.

ಮೊದಲು ಆ ಪ್ರೋಗ್ರಾಂ ಸ್ಟ್ಯಾಟಿಕ್ ಲಿಂಕಿಂಗಿನದು. ಬೇಕಾದ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡೆಲ್ಲ ಅದರೊಳಗೇ ಇತ್ತು, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರ ಹಾಗೆ. ನನಗೆ ಅತಿಬುದ್ಧಿ. ಇಷ್ಟು ದಪ್ಪ ಫೈಲ್ ಯಾಕೆ, ಲೈಬ್ರರಿ ಬದಲಾದಾಗಲೆಲ್ಲ ಇದನ್ನೂ ಮತ್ತೆ ಕಟ್ಟುವ ಕರ್ಮ ಯಾಕೆ ಎಂದು ಡೈನಾಮಿಕ್ ಮಾಡಿದೆ. ಇನ್ನು ಅದು ಬರಿಗೈಲಿ ಎದ್ದು, ಸಿಸ್ಟಂನಲ್ಲಿರುವ ಲೈಬ್ರರಿಯನ್ನು ಹುಡುಕಿಕೊಳ್ಳಬೇಕು.

ಒಂದು ಮಧ್ಯಾಹ್ನ ಸಿಸ್ಟಂ ಅಪ್‌ಡೇಟ್ ಮಾಡಿದೆ. ಹಳೆಯ ಲೈಬ್ರರಿ ಹೋಗಿ ಹೊಸ ಆವೃತ್ತಿ ಬಂತು. ಪರೀಕ್ಷೆಗೆಂದು ಕಳಿಸಿದ ಮೆಸೇಜು ಟಣ್ ಎಂದು ಬಂತು. ಬರದೇ ಏನು? ಓಡುತ್ತಿದ್ದ ಪ್ರೋಗ್ರಾಂ ಹಳೆಯದನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿತ್ತು. ಒಮ್ಮೆ ನಿಲ್ಲಿಸಿ ಶುರು ಮಾಡಿ ನೋಡಬೇಕೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೋಮಾರಿತನ, ಥೂ.

ಮರುದಿನ ನಸುಕಿನಲ್ಲಿ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಎದ್ದಿತು, ಹಳೆಯ ಲೈಬ್ರರಿಯನ್ನೇ ಹುಡುಕುವ ಪ್ರೋಗ್ರಾಂ ಏಳಲಿಲ್ಲ. ರೈಟರು ಮೊಬೈಲ್ ನೋಡಿ, “ಏನೂ ಬಂದಿಲ್ಲ, ಹೋಗ್ರಮ್ಮ” ಎಂದರು. ಹಣ್ಣು ಕೊಯ್ಯಲು ಎಲ್ಲರಿಗಿಂತ ಮುಂದೆ ಹೋದ ಹೆಂಗಸನ್ನು ಆನೆ ತುಳಿದು ಹಾಕಿತು. ಹೆಣ ಬೇಲಿಯಾಚೆ ಸಿಕ್ಕಿತು.

ಸ್ಟೋರಿಗೆ ಓಡಿದೆ. ಪರದೆಯ ಮೇಲೆ ಒಂದೇ ಸಾಲು: ಲೈಬ್ರರಿ ಸಿಗುತ್ತಿಲ್ಲ. ಕ್ಯಾಮೆರಾ ಕಳಿಸಿದ ಚಿತ್ರ ಹಾಗೇ ಬಿದ್ದಿತ್ತು. ಬೇಲಿಯ ಒಳಗೇ, ಕಾಫಿ ಗಿಡಗಳ ಮಧ್ಯೆ ಒಂಟಿ ಸಲಗ. ಅದು ಅಟ್ಟಿಸಿಕೊಂಡು ಬಂದಾಗ ಅವಳು ಬೇಲಿ ಹಾರಿದ್ದಳು. ಪ್ರೋಗ್ರಾಂ ಎದ್ದರೆ ಆ ಚಿತ್ರದ ಮೆಸೇಜು ಈಗ ಎಲ್ಲರಿಗೂ ಹೋಗುತ್ತಿತ್ತು. ಚಿತ್ರವನ್ನು ಅಳಿಸಿದೆ. ಆಮೇಲೆ ಕೂತು ಮತ್ತೆ ಸ್ಟ್ಯಾಟಿಕ್ ಆಗಿ ಕಟ್ಟಿದೆ. ಹತ್ತು ನಿಮಿಷದ ಕೆಲಸ, ಮಾರಾಯ್ರೆ! ಕೆಟ್ಟ ಮೇಲೆ ಬುದ್ಧಿ ಬಂತು.

ಮೂರನೇ ದಿನ ಎಲ್ಲ ಹೇಳಿಬಿಡಬೇಕೆಂದೇ ಲೈನಿಗೆ ಹೋದೆ. ನೆಂಟರೊಬ್ಬರು ಮಿಷನ್ನಿಗೆ ಶಾಪ ಹಾಕುತ್ತಿದ್ದರು. ಸತ್ತವಳ ಗಂಡನೇ ತಡೆದ.

“ಮಿಷನ್‌ಗ್ಯಾಕೆ ಬೈತೀರಾ? ತೋಟದಲ್ಲಿ ಆನೆ ಇದ್ದಿದ್ರೆ ಮೆಸೇಜ್ ಬಂದೇ ಬರ್ತಿತ್ತು. ಸೌದೆ ಆಸೆಗೆ ಇವ್ಳೇ ಬೇಲಿ ದಾಟಿ ಹೋಗ್ಬುಟ್ಟವ್ಳೆ ಕಣ್ರೀ.” ನನ್ನ ಕಡೆ ತಿರುಗಿದ. “ಅಲ್ವಾ?”

ಹೌದು ಎಂದೆ.

ಈಗಲೂ ಆ ಲೈನಿನಲ್ಲಿ ಹೊಸ ಹೆಂಗಸರಿಗೆ ಬುದ್ಧಿ ಹೇಳುವಾಗ, ಅವಳ ಹಾಗೆ ಆಸೆಬಿದ್ದು ಬೇಲಿ ದಾಟಬೇಡಿ ಎನ್ನುತ್ತಾರೆ.