ಉಳಿದ ಒಂದು ಚುಕ್ಕಿ

ಆನ್ಸನ್ ಪುತ್ತಬ್ಬನನ್ನು ಮೊದಲು ಕಂಡದ್ದು ಕೊಲ್ಲಿ ದೇಶದ ಖೈತಾನ್ ಪೇಟೆಯ ಒಂದು ನೆಲಮಾಳಿಗೆಯ ಬೋರ್ಡಿನ ಅಂಗಡಿಯಲ್ಲಿ. ಬೆಳ್ತಂಗಡಿ ಕಡೆಯ ಹಳ್ಳಿಯಲ್ಲಿ ಡಿಗ್ರಿ ಮುಗಿಸಿ ಬಂದ ಆನ್ಸನ್, ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸುವ ಕೆಲಸಕ್ಕೆ ಅಂದೇ ಸೇರಿದ್ದ. ಐವತ್ತೆಂಟರ ಪುತ್ತಬ್ಬ ರಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅರಬಿ ಅಕ್ಷರಗಳ ಚುಕ್ಕಿಗಳನ್ನು ಸ್ಟಿಕ್ಕರಿನಿಂದ ಸೂಜಿಯಲ್ಲಿ ಎಬ್ಬಿಸಿ, ಕಳೆದುಹೋಗದಂತೆ ಎಡಗೈಯ ಹಿಂಬದಿಗೆ ಅಂಟಿಸಿಕೊಳ್ಳುತ್ತಿದ್ದ.

“ಪೊರ್ಬುಗಳಿಗೆ ಅರಬಿ ಬರ್ತದಾ?” ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು ಕೇಳಿದ ಪುತ್ತಬ್ಬ.

“ಇಲ್ಲ ಬ್ಯಾರಿಗಳೇ,” ಎಂದ ಆನ್ಸನ್, ಊರ ಮುಸ್ಲಿಮರನ್ನು ಕರೆಯುವ ಹಾಗೆಯೇ.

“ಹಾಗಾದ್ರೆ ನನ್ನ ಬಾಯಿ ನೋಡ್ಕೊಂಡಿರಿ. ಉಪ್ಪಿನಂಗಡಿ ಮದ್ರಸದಲ್ಲಿ ಕಲಿತ ಅಕ್ಷರ ಇದು.”

“ಅರ್ಥವೂ ಗೊತ್ತುಂಟಾ?”

“ಅರ್ಥ ಕೇಳಿದ್ರೆ ಉಸ್ತಾದರು ಕಿವಿ ಹಿಂಡ್ತಿದ್ರು ಮಾರಾಯ್ರೇ! ಓದ್ಲಿಕ್ಕೆ ಬರ್ತದೆ, ಅಷ್ಟೆ.”

ಆ ಅಷ್ಟರ ಮೇಲೆಯೇ ಅವನು ಇಪ್ಪತ್ತಾರು ವರ್ಷ ಬದುಕಿದ್ದ. ಯಾವ ಚುಕ್ಕಿ ಎಲ್ಲಿಗೆಂದು ತೋರಿಸುವ ಕಾಗದದ ನಕ್ಷೆ ಕೊಟ್ಟರೆ ಅವಮಾನವಾದಂತೆ ಬದಿಗೆ ತಳ್ಳುತ್ತಿದ್ದ.

ನಾಲ್ಕು ವರ್ಷ ಕಳೆಯಿತು. ಪಶ್ಚಿಮದವರು ಕೈಹಾಕಿದ್ದ ಪಕ್ಕದ ದೇಶಗಳ ಯುದ್ಧ ನಿಂತು ಮೂರು ವಾರವಾಗಿತ್ತಷ್ಟೆ; ವಿಮಾನದ ಸದ್ದಾದರೆ ಜನ ಇನ್ನೂ ತಲೆಯೆತ್ತುತ್ತಿದ್ದರು. ಅರಬರೆಲ್ಲ ಒಂದೇ ಎಂದು ಸಾರಲು ನೆರೆದೇಶದ ನಾಯಕರೊಬ್ಬರು ಬರುವವರಿದ್ದರು. ದೂರದ ಅಹ್ಮದಿಯ ಒಂದು ಕಂಪನಿ ತನ್ನ ಗೇಟಿಗೆ ‘ಅರಬ್ ಒಗ್ಗಟ್ಟು ಬಾಳಲಿ’ ಎಂಬ ಬೋರ್ಡು ಬೇಕೆಂದಿತು. ಅಷ್ಟು ದೂರ ಹೋದ ಮೇಲೆ ಚುಕ್ಕಿ ಕಳೆದರೆ ಕಷ್ಟವೆಂದು ಆನ್ಸನ್ ಒಂದು ಹೆಚ್ಚಿಗೆ ಕತ್ತರಿಸಿ ಇಟ್ಟ. ಗಡಿಬಿಡಿಯಲ್ಲಿ ಪುತ್ತಬ್ಬನಿಗೆ ಹೇಳಲು ಮರೆತ.

ಬಿಸಿಲಲ್ಲಿ ಏಣಿಯ ಮೇಲೆ ನಿಂತು ಎಲ್ಲ ಹಚ್ಚಿದ ಪುತ್ತಬ್ಬನಿಗೆ ಕೈಯಲ್ಲಿ ಒಂದು ಚುಕ್ಕಿ ಉಳಿದದ್ದು ಕಂಡಿತು. ಎಲ್ಲೋ ಬಿಟ್ಟಿದ್ದೇನೆಂದು ಹೆದರಿದ. ಬೋಳಾಗಿ ಕಂಡ ‘ಐನ್’ ಅಕ್ಷರದ ತಲೆಗೆ ಅದನ್ನಿಟ್ಟ. ಐನ್ ಹೋಗಿ ‘ಗೈನ್’ ಆಯಿತು. ‘ಅರಬ್’ ಎಂಬುದು ‘ಪಶ್ಚಿಮ’ ಎಂದಾಯಿತು.

ಪಶ್ಚಿಮದ ಒಗ್ಗಟ್ಟು ಬಾಳಲಿ! ಸಂಜೆಯೊಳಗೆ ಅದರ ಫೋಟೋ ಊರೆಲ್ಲರ ಮೊಬೈಲಿನಲ್ಲಿತ್ತು. ಕೆಲವರು ನಕ್ಕರು. ಯುದ್ಧದಲ್ಲಿ ತಮ್ಮವರನ್ನು ಕಳೆದುಕೊಂಡವರು ನಗಲಿಲ್ಲ.

ಮರುದಿನ ಅಂಗಡಿಯ ಕಫೀಲ್, ಎಲ್ಲರ ವೀಸಾ ಕೈಯಲ್ಲಿಟ್ಟುಕೊಂಡ ಅರಬ ಮಾಲೀಕ, ಬಂದ. ಯಾರು ಮಾಡಿದ್ದೆಂದು ಹರಕು ಹಿಂದಿಯಲ್ಲಿ ಕೂಗಿದ. ಆ ವಾರವೇ ಆನ್ಸನ್‌ನ ವಾಸದ ಪರವಾನಗಿಯಾದ ಇಕಾಮಾದ ನವೀಕರಣಕ್ಕೆ ಕಫೀಲನ ಸಹಿ ಬೇಕಿತ್ತು. ಚುಕ್ಕಿ ಹೆಚ್ಚಿಗೆ ಕತ್ತರಿಸಿದ್ದು ತಾನೆಂದು ಹೇಳದೆ ಅವನು ಕಂಪ್ಯೂಟರಿನತ್ತ ತಿರುಗಿದ.

“ನಾನು,” ಎಂದ ಪುತ್ತಬ್ಬ. “ಈ ಹುಡುಗನಿಗೆ ಅರಬಿ ಬರುವುದಿಲ್ಲ.”

“ಖಲಾಸ್,” ಎಂದ ಕಫೀಲ್. ಪುತ್ತಬ್ಬನ ಕೆಲಸ ಅಲ್ಲಿಗೆ ಮುಗಿಯಿತು.

ಬಸ್ ನಿಲ್ದಾಣದವರೆಗೆ ಪುತ್ತಬ್ಬನ ಚೀಲ ಹೊತ್ತು ನಡೆದ ಮೇಲೆಯೇ ಆನ್ಸನ್‌ಗೆ ಬಾಯಿ ಬಂತು. “ಬ್ಯಾರಿಗಳೇ, ಆ ಚುಕ್ಕಿ ನಾನು ಹೆಚ್ಚಿಗೆ ಇಟ್ಟದ್ದು. ಹೇಳ್ಲಿಕ್ಕೆ ಮರೆತೆ.”

ಪುತ್ತಬ್ಬ ಚೀಲಕ್ಕೆ ಕೈ ಚಾಚಿದ.

“ಇದನ್ನು ಅಲ್ಲಿ ಹೇಳ್ಬೇಕಿತ್ತಲ್ಲಾ ಪೊರ್ಬುಗಳೇ. ಇಲ್ಲಿ ಹೇಳಿ ಎಂತ ಪ್ರಯೋಜನ?” ದನಿಯಲ್ಲಿ ಸಿಟ್ಟಿರಲಿಲ್ಲ, ಆನ್ಸನ್ ತಡೆಯಲಾಗದ್ದು ಅದನ್ನೇ. ಪುತ್ತಬ್ಬ ಚೀಲ ತೆಗೆದುಕೊಂಡು ಬಸ್ ಹತ್ತಿದ.

ಆಮೇಲೆ ಆನ್ಸನ್ ಮಾಡಿದ ಫೋನನ್ನು ಅವನು ಎತ್ತಲಿಲ್ಲ. ಬೇರೆ ಯಾವ ಬೋರ್ಡಿನ ಅಂಗಡಿಯೂ ಅವನನ್ನು ಸೇರಿಸಿಕೊಳ್ಳಲಿಲ್ಲವೆಂದು ಊರಿನವರಿಂದ ತಿಳಿಯಿತು. ಪುತ್ತಬ್ಬ ಈಗ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ, ಗುತ್ತಿಗೆ ಕೆಲಸಗಾರರ ಮೆಸ್ಸಿನಲ್ಲಿ, ಪಾತ್ರೆ ತೊಳೆಯುತ್ತಾನೆ.