‘ಬಿಡು’ ಅಂದವರು ಯಾರು?

ದೆವ್ವ, ಗಾಳಿ ಅಂದರೆ ನಗುವವಳು ನಾನು. ಬಾಗಲವಾಡದ ನಮ್ಮ ಮನೆಯಲ್ಲಿ ಬಲ್ಬು ಮಿಣುಕುತ್ತದೆಂದು ಸೋದರತ್ತೆ ಬಾಗಿಲಿಗೆ ಲಿಂಬೆಹಣ್ಣು ಕಟ್ಟಿಸಿದ್ದಳು. ನಾನು ಸ್ಟೂಲು ಹತ್ತಿ ಹೋಲ್ಡರಿನ ಸ್ಕ್ರೂ ಬಿಗಿ ಮಾಡಿದೆ, ಸರಿಹೋಯಿತು. ಹೆಸರು ಬಂದದ್ದು ಲಿಂಬೆಹಣ್ಣಿಗೆ, ಆ ಮಾತು ಬೇರೆ. ಆದರೆ ಈಗ ಹೇಳಲಿರುವುದಕ್ಕೆ ಇಷ್ಟು ವರ್ಷವಾದರೂ ನನಗೆ ಕಾರಣ ಸಿಕ್ಕಿಲ್ಲ.

ರಾಯಚೂರಿನಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಅಪ್ರೆಂಟಿಸ್ ಜಾಗಕ್ಕಾಗಿ ಅಲೆದೆ. ಹುಡುಗಿ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೋಡೋಣ, ಹೇಳಿ ಕಳಿಸುತ್ತೇವೆ ಅಂದರು. ಕೊನೆಗೆ ಮಾನ್ವಿ ಹೊರಗಿನ ಒಂದು ಅಕ್ಕಿ ಗಿರಣಿಯಲ್ಲಿ ಕರೆಂಟಿನ ಕೆಲಸ ನೋಡುತ್ತಿದ್ದ ಮೌಲಾಸಾಬ್ ಉಸ್ತಾದರು, ಇವಳ ಜವಾಬ್ದಾರಿ ನನ್ನದು ಎಂದು ಮಾಲೀಕರಿಗೆ ಹೇಳಿ ಸೇರಿಸಿಕೊಂಡರು. ಒಂದು ವರ್ಷ ತುಂಬಿದರೆ ಸರ್ಟಿಫಿಕೇಟು. ತುಂಬದಿದ್ದರೆ ಮನೆಯಲ್ಲಿ ಗಂಡು ನೋಡಲು ತಯಾರಾಗಿಯೇ ಇದ್ದರು.

ಉಸ್ತಾದರದು ಒಂದು ಕಟ್ಟುನಿಟ್ಟಿನ ಪದ್ಧತಿ. ಒಬ್ಬರು ಮಷಿನ್ನಿನಲ್ಲಿ ಕೈ ಇಟ್ಟಿದ್ದರೆ ಸ್ಟಾರ್ಟರ್ ಹತ್ತಿರ ಇದ್ದವರು ‘ಬಿಡ್ಲೇನ್ರಿ?’ ಎಂದು, ಅಂದರೆ ಕರೆಂಟು ಬಿಡಲೇ ಎಂದು ಕೂಗಬೇಕು. ಬರೀ ‘ಬಿಡು’ ಅಂದರೆ ಸಾಲದು, ಯಾರೋ ಯಾರಿಗೋ ಅಂದಿರಬಹುದು. ಹೆಸರು ಹಿಡಿದು ಅಂದರೆ ಮಾತ್ರ ಬಟನ್ ಒತ್ತಬೇಕು. ನನಗೆ ಅವರಿಟ್ಟ ಹೆಸರು ಕರೆಂಟವ್ವ. ಗಿರಣಿಯ ಉಳಿದವರೆಲ್ಲ ಚೇಷ್ಟೆಗೆ ಮೇಡಂ ಅನ್ನುತ್ತಿದ್ದರು.

ಅದು ನನ್ನ ಹನ್ನೊಂದನೆಯ ತಿಂಗಳು. ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬೆಲ್ಟು ಒಂದು ಮಗ್ಗುಲಿಗೆ ಸರಿಯುತ್ತಿತ್ತು. ಉಸ್ತಾದರು ಕೆಳಗಿನ ಗುಂಡಿಗೆ ಇಳಿದಿದ್ದರು, ನಾನು ಗೋಡೆಯ ಈಚೆ ಸ್ಟಾರ್ಟರ್ ಹತ್ತಿರ ನಿಂತಿದ್ದೆ. ಚೂರು ಓಡಿಸಿ, ನಿಲ್ಲಿಸಿ, ಬೆಲ್ಟು ಸರಿಮಾಡಿ ಮತ್ತೆ ಓಡಿಸಬೇಕಿತ್ತು. ಮಧ್ಯಾಹ್ನದ ಹೊತ್ತು, ಹಮಾಲರೆಲ್ಲ ಊಟಕ್ಕೆ ಹೋಗಿದ್ದರು. ಮೂರು ಸಲ ಸರಿಯಾಗಿ ನಡೆಯಿತು. ನಾಲ್ಕನೆಯ ಸಲ ನಾನು ‘ಬಿಡ್ಲೇನ್ರಿ?’ ಎಂದು ಕೂಗಿದೆ.

“ಬಿಡು, ಕರೆಂಟವ್ವ.”

ಉಸ್ತಾದರ ಅದೇ ದನಿ, ಬೀಡಿ ಸೇದಿ ಒರಟಾದ ಅದೇ ಗಂಟಲು. ನಾನು ಬಟನ್ ಒತ್ತಿದೆ. ಮರುಕ್ಷಣವೇ ಕೇಳಿದ ಚೀತ್ಕಾರವೂ ಅದೇ ಗಂಟಲಿನದು.

ಉಸ್ತಾದರ ಬಲಗೈಯ ಮೂರು ಬೆರಳು ಹೋದವು. ಗಿರಣಿಯಲ್ಲಿದ್ದವರು ನನ್ನನ್ನು ಬೈಯಲಿಲ್ಲ, ಚೇಷ್ಟೆಗೆ ಮೇಡಂ ಅನ್ನುವುದನ್ನು ಬಿಟ್ಟರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರ ಮಂಚದ ಹತ್ತಿರ ನಿಂತು, ನೀವು ಬಿಡು ಅಂದಿರಲ್ಲವೇ ಎಂದು ಕೇಳಿದೆ. ಹೌದು ಅನ್ನಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

“ನಾ ಬಾಯಿ ತೆರದಿಲ್ಲವ್ವ,” ಅಂದರು. “ಆದ್ರ ಕೇಳಿಸ್ತು. ನನ್ನ ದನಿನೇ, ನನ್ನ ಬೆನ್ನ ಹಿಂದ. ಯಾರ್ ಅದಾರ ಅಂತ ತಿರುಗಿ ನೋಡಿದೆ. ಅಷ್ಟರಾಗ ಬೆಲ್ಟಿನಾಗ ಕೈ ಸಿಕ್ಕಿತ್ತು.”

ಗುಂಡಿಯಲ್ಲಿ ಅವರ ಬೆನ್ನಿನ ಹಿಂದೆ ಇದ್ದದ್ದು ಸಿಮೆಂಟಿನ ಗೋಡೆ.

ಮಾಲೀಕರು ನಡೆದದ್ದನ್ನು ಬರೆದುಕೊಡು ಅಂದರು. ಏನು ಬರೆಯಲಿ ಎಂದು ಉಸ್ತಾದರನ್ನೇ ಕೇಳಿದೆ. ನಾನೇ ಬಿಡು ಅಂದೀನಿ ಅಂತ ಬರಿ, ಇಲ್ಲದಿದ್ದರೆ ನಿನ್ನ ಸರ್ಟಿಫಿಕೇಟು ಹೋಗುತ್ತದೆ ಎಂದರು. ಹಾಗೆಯೇ ಬರೆದೆ. ಕಿವಿಯಾರೆ ಕೇಳಿದ್ದನ್ನೇ ಬರೆದೆ, ಆದರೂ ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಪ್ಪು ಅವರದೇ ಎಂದಾಗಿ ಅವರ ಕೆಲಸ ಹೋಯಿತು. ನನಗೆ ಸರ್ಟಿಫಿಕೇಟು ಬಂತು.

ಈಗ ದೇವದುರ್ಗದಲ್ಲಿ ಕೆಲಸಕ್ಕಿದ್ದೇನೆ. ನನ್ನ ಸಮಾಧಾನಕ್ಕೆಂದು ಅವರು ದನಿ ಕೇಳಿಸಿತು ಅಂದರೋ, ನಿಜವಾಗಿ ಕೇಳಿಸಿತ್ತೋ, ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ. ಹಬ್ಬಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಅವರು ಹೊರಸಿನ ಮೇಲೆ ಕುಳಿತು, ಬಾ ಕರೆಂಟವ್ವ ಎಂದು ಪ್ರೀತಿಯಿಂದ ಕರೆಯುತ್ತಾರೆ. ನಾನು ಒಳಗೆ ಕಾಲಿಡುವ ಮೊದಲು ಅವರ ತುಟಿ ಅಲುಗಿತೋ ಇಲ್ಲವೋ ನೋಡುತ್ತೇನೆ.