ಬಂಗಲೆಗೆ ಇಟ್ಟ ಹೊಸ್ತಿಲು

ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯ ಹತ್ತಿರ ಒಂದು ಕಾಫಿ ತೋಟದಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರಾಗಿದ್ದ. ತೋಟ ಮಾಡಿದ್ದ ಬಿಳಿ ದೊರೆ ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಮಾರಿ ಹಡಗು ಹತ್ತಿದ. ಕೊಂಡುಕೊಂಡ ಮೈಸೂರಿನ ಸಾಹುಕಾರರು, ಖಾಲಿ ಬಿಟ್ಟರೆ ಗೆದ್ದಲು ಹಿಡಿಯುತ್ತದೆಂದು ನಮ್ಮನ್ನೇ ದೊರೆಯ ಬಂಗಲೆಯಲ್ಲಿ ಇರಿಸಿದರು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವೂ ದೊರೆಗಳೇ, ಮುದ್ದೆ ಉಣ್ಣುವ ದೊರೆಗಳು.

ಗೋಡೆ ಮೊಳಕ್ಕಿಂತ ದಪ್ಪ, ಸುಣ್ಣದ ಗಾರೆ, ಮಂಗಳೂರು ಹೆಂಚು, ಮೂರು ಕಡೆ ವರಾಂಡ. ಅಡುಗೆಮನೆ ಮಾತ್ರ ದೂರ. ದೊರೆಗೆ ಒಗ್ಗರಣೆ ವಾಸನೆ ಆಗುತ್ತಿರಲಿಲ್ಲವಂತೆ, ಪಾಪ! ಚಳಿ ಕಾಯಿಸಲು ಅವನು ಗೋಡೆಯಲ್ಲಿ ಕಟ್ಟಿಸಿದ್ದ ಒಲೆಗೂಡಿನಲ್ಲಿ ಅವ್ವ ಈರುಳ್ಳಿ ಹರವುತ್ತಿದ್ದಳು. ಇಷ್ಟೆಲ್ಲ ಇದ್ದೂ ಆ ಮನೆಯ ಒಂದು ಬಾಗಿಲಿಗೂ ಹೊಸ್ತಿಲಿರಲಿಲ್ಲ. ಚಹಾದ ತಳ್ಳುಗಾಡಿ ಸಲೀಸಾಗಿ ಉರುಳಲೆಂದು ನೆಲವನ್ನು ಒಂದೇ ಸಮ ಮಾಡಿಸಿದ್ದನಂತೆ. ಅಕ್ಕ ಮತ್ತು ನಾನು ಆ ನುಣ್ಣನೆ ನೆಲದ ಮೇಲೆ ಒಳಗೂ ಹೊರಗೂ ಓಡಾಡಿಕೊಂಡೇ ಬೆಳೆದೆವು.

ಅಕ್ಕನನ್ನು ಸಾಲಿಗ್ರಾಮಕ್ಕೆ ಕೊಟ್ಟೆವು. ಹೆಣ್ಣು ನೋಡಲು ಬಂದ ದಿನವೇ ಅವಳ ಅತ್ತೆ ಬಾಗಿಲ ಬುಡ ನೋಡಿ, ಹೊಸ್ತಿಲಿಲ್ಲದ ಮನೆಯಲ್ಲಿ ಲಕ್ಷ್ಮಿ ಎಲ್ಲಿ ನಿಂತಾಳು ಎಂದು ಕೊಂಕು ನುಡಿದಿದ್ದಳು. ಆ ಮಾತು ಅವ್ವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಚೊಚ್ಚಲ ಬಸುರಿ ಅಕ್ಕ ಬಾಣಂತನಕ್ಕೆ ಬರುವುದರೊಳಗೆ ಆಚಾರಿಯನ್ನು ಕರೆಸಿ, ಮುಂಬಾಗಿಲಿಗೆ ಹಲಸಿನ ಮರದ ಹೊಸ್ತಿಲು ಕೂರಿಸಿಯೇಬಿಟ್ಟಳು. ದಿನಾ ಅರಿಶಿನ, ಕುಂಕುಮ, ರಂಗೋಲಿ.

ಅಕ್ಕ ಬಂದಳು. ಬಲಗಾಲಿಟ್ಟು ದಾಟಿ, ಬಗ್ಗಲಾಗದ ಹೊಟ್ಟೆ ಹೊತ್ತುಕೊಂಡೇ ನಕ್ಕಳು. "ಈಗ ನಮ್ಮನೆ ನಮ್ಮನೆ ಅಂಗಾತು ಕಣವ್ವ."

ಒಂದು ವಾರವೂ ಆಗಿರಲಿಲ್ಲ. ಸಂಜೆ ಗಾಡಿಯ ಗೆಜ್ಜೆ ಸದ್ದು ಕೇಳಿಸಿತು, ಭಾವ ಅವಳನ್ನು ನೋಡಲು ಬಂದಿದ್ದ. ಅಕ್ಕ ಕಣ್ಣೆಲ್ಲ ದಾರಿಯ ಮೇಲಿಟ್ಟು ಎದ್ದು ನಡೆದಳು. ತಲೆಗೆ ಗೊತ್ತಿದ್ದ ಹೊಸ್ತಿಲು ಕಾಲಿಗಿನ್ನೂ ಗೊತ್ತಾಗಿರಲಿಲ್ಲ. ಎಡವಿ ವರಾಂಡದ ಕಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಬಿದ್ದಳು. ತೋಟದ ಲಾರಿಯಲ್ಲಿ ಮಲಗಿಸಿಕೊಂಡು ಹುಣಸೂರಿನ ಆಸ್ಪತ್ರೆಗೆ ಹೊರಟರು. ಕಂಪಲಾಪುರ ದಾಟುವಷ್ಟರಲ್ಲಿ ಅಕ್ಕನೂ ಇಲ್ಲ, ಒಳಗಿದ್ದ ಕೂಸೂ ಇಲ್ಲ. ಅಯ್ಯೋ, ಆ ಲಾರಿ ಅಲ್ಲಿಂದಲೇ ಹಿಂದಕ್ಕೆ ಬಂತು.

ಮಣ್ಣು ಮಾಡಿ ಬಂದ ಅಪ್ಪ ಸೌದೆ ಕೊಟ್ಟಿಗೆಯಿಂದ ಕೊಡಲಿ ತಂದು ಹೊಸ್ತಿಲ ಮುಂದೆ ನಿಂತ. ಅವ್ವ ಒಳಗಿನಿಂದ ಬಂದು ಅಡ್ಡ ನಿಂತಳು. ಅವಳ ದನಿ ಏರಲೂ ಇಲ್ಲ.

"ಅದೇನ್ ಮಾಡ್ತು? ಇಡ್ಸಿದ್ದು ನಾನು ಕಣ್ರೀ. ಕಡಿಯಂಗಿದ್ರೆ ನನ್ನ ಕಡೀರಿ."

ಅಪ್ಪ ಕೊಡಲಿ ಕೆಳಗಿಟ್ಟ. ಅಲ್ಲೇ ಹೊಸ್ತಿಲ ಮೇಲೆ ಕೂತ. ಹೊಸ್ತಿಲ ಮೇಲೆ ಯಾರು ಕೂತರೂ ಸಿಡುಕುತ್ತಿದ್ದ ಅವ್ವ ಅವನನ್ನು ಏಳಿ ಎನ್ನಲಿಲ್ಲ. ತಾನೂ ಪಕ್ಕದಲ್ಲಿ ಕೂತಳು.